ಗರ್ಭಿಣಿ ಮತ್ತು ಮಾನಸಿಕ ಕಾಯಿಲೆಯ ಮಾತ್ರೆ: ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಬದಲಿಸಬೇಕು?

ಹಾಸನದಲ್ಲಿ ನಾನು ನೋಡಿಕೊಳ್ಳುವ ಔಷಧಿ ಅಂಗಡಿಗೆ ಆಗಾಗ ಒಬ್ಬ ಹೆಣ್ಣುಮಗಳು ಬರುತ್ತಾಳೆ. ಪ್ರತಿ ಸಲವೂ ಬೇರೆಯವಳು, ಆದರೆ ಬರುವ ರೀತಿ ಒಂದೇ. ಉಳಿದ ಗಿರಾಕಿಗಳು ಹೋಗುವ ತನಕ ಪಕ್ಕದಲ್ಲಿ ನಿಂತಿದ್ದು, ಪರ್ಸಿನಿಂದ ಕತ್ತರಿಸಿದ ಅರ್ಧ ಸ್ಟ್ರಿಪ್ ತೆಗೆದು, ತಗ್ಗಿದ ದನಿಯಲ್ಲಿ ಕೇಳುತ್ತಾಳೆ: “ಅಕ್ಕಾ, ಡೇಟ್ ಮುಂದೆ ಹೋಗಿದೆ. ಇದನ್ನ ತಗೋಬಹುದಾ, ಬಿಟ್ಟುಬಿಡ್ಲಾ?” ಕಳೆದ ಕಾಫಿ ಕೊಯ್ಲಿನ ಹೊತ್ತಿಗೆ ಸಕಲೇಶಪುರದ ಕಡೆಯಿಂದ ಬಂದವಳ ಕೈಯಲ್ಲಿ ನಾಲ್ಕೇ ಮಾತ್ರೆ ಉಳಿದಿದ್ದವು, ಹೆಸರು ಅಚ್ಚಾಗಿದ್ದ ಭಾಗ ಕತ್ತರಿಗೆ ಹೋಗಿತ್ತು. ಹಿಂದಿನ ಹಾಳೆಯ ಮೇಲೆ ‘ಸೋಡಿಯಂ’ ಎಂಬ ಪದ ಮತ್ತು ‘500’ ಎಂಬ ಅಂಕಿ ಮಾತ್ರ ಓದಲು ಸಿಕ್ಕವು. ಅದು ಏನಿರಬಹುದೆಂದು ನನಗೆ ಹೊಳೆಯಿತು, ಹೊಳೆದ ಮೇಲೆ ಭಯವೂ ಆಯಿತು. ಅದರ ವಿಚಾರ ಮುಂದೆ ಬರುತ್ತದೆ.

‘ತಗೋಬಹುದಾ, ಬಿಡ್ಲಾ’ ಎಂಬ ಪ್ರಶ್ನೆಯಲ್ಲಿ ಎರಡೇ ದಾರಿಗಳಿವೆ. ನಿಜದಲ್ಲಿ ಇರುವ ದಾರಿಗಳು ಅದಕ್ಕಿಂತ ಹೆಚ್ಚು: ಅದೇ ಮಾತ್ರೆಯನ್ನು ಮುಂದುವರಿಸುವುದು, ಪ್ರಮಾಣವನ್ನು ಹೊಂದಿಸಿಕೊಳ್ಳುವುದು, ಕಡಿಮೆ ಅಪಾಯದ ಬೇರೊಂದಕ್ಕೆ ಬದಲಾಗುವುದು, ಮಾತ್ರೆಯಿಲ್ಲದೆ ಆಪ್ತಸಮಾಲೋಚನೆಯಲ್ಲಿ ನಿಭಾಯಿಸುವುದು, ವೈದ್ಯರ ಕಣ್ಣೆದುರಿನಲ್ಲಿ ನಿಧಾನವಾಗಿ ನಿಲ್ಲಿಸುವುದು. ಯಾವುದು ನಿಮಗೆ ಎಂಬುದನ್ನು ಮನೋವೈದ್ಯರು ಮತ್ತು ಹೆರಿಗೆ ವೈದ್ಯರು ನಿಮ್ಮೊಡನೆ ಕುಳಿತು ನಿರ್ಧರಿಸಬೇಕು. ಅವರೆದುರು ಕುಳಿತಾಗ ಏನು ಕೇಳಬೇಕೆಂದು ನಿಮಗೆ ಗೊತ್ತಿರಲಿ ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ತಕ್ಕಡಿಗೆ ಇಡಬೇಕಾದ ಕಲ್ಲುಗಳು

ಮೊದಲನೆಯ ಕಲ್ಲು ಕಾಯಿಲೆಯೇ. ಒಂದೇ ಬಾರಿ ಬಂದು ಹೋದ ಸಾಧಾರಣ ಖಿನ್ನತೆಗೂ, ಅತಿ ಉತ್ಸಾಹದ ಉನ್ಮಾದವೂ ಖಿನ್ನತೆಯೂ ಸರದಿಯಂತೆ ಬರುವ, ಮಾತ್ರೆ ಬಿಟ್ಟಾಗಲೆಲ್ಲ ಮರುಕಳಿಸುವ ಬೈಪೋಲಾರ್ ಕಾಯಿಲೆಗೂ ಒಂದೇ ಲೆಕ್ಕ ಹಾಕಲಾಗದು. ಹಿಂದೆ ಆಸ್ಪತ್ರೆಗೆ ಸೇರಿದ್ದಿರಾ, ಸಾಯುವ ಯೋಚನೆ ಬಂದಿತ್ತೇ, ಮಾತ್ರೆ ಬಿಟ್ಟ ಎಷ್ಟು ವಾರಕ್ಕೆ ಕಾಯಿಲೆ ತಿರುಗಿ ಬಂತು ಎಂಬ ಮೂರು ಪ್ರಶ್ನೆಗಳಿಗೆ ಪ್ರಾಮಾಣಿಕ ಉತ್ತರ ಸಿಕ್ಕರೆ ಅರ್ಧ ನಿರ್ಧಾರ ಆದಂತೆಯೇ.

ಎರಡನೆಯದು ಮಗುವಿನ ಅಂಗಾಂಗಗಳು ರೂಪುಗೊಳ್ಳುವ ಮೊದಲ ಮೂರು ತಿಂಗಳು. ಇಲ್ಲಿ ನೆನಪಿಡಬೇಕಾದ ಒಂದು ಅಂಕಿ ಇದೆ. ಯಾವ ಮಾತ್ರೆಯನ್ನೂ ಮುಟ್ಟದ ತಾಯಂದಿರಲ್ಲಿಯೂ ನೂರಕ್ಕೆ ಸುಮಾರು 3 ಮಕ್ಕಳು ಯಾವುದಾದರೂ ದೊಡ್ಡ ಅಂಗವೈಕಲ್ಯದೊಂದಿಗೆ ಹುಟ್ಟುತ್ತವೆ. ಯಾವುದೇ ಔಷಧಿಯ ಅಪಾಯವನ್ನು ಸೊನ್ನೆಯಿಂದ ಅಳೆಯದೆ ಈ 3ರಿಂದ ಅಳೆಯಬೇಕು. ಇದನ್ನು ಹೇಳದೆ ‘ಈ ಮಾತ್ರೆಯಿಂದ ಮಗುವಿಗೆ ತೊಂದರೆ’ ಎಂದರೆ ಹೆದರಿಸಿದಂತಾಗುತ್ತದೆಯೇ ಹೊರತು ತಿಳಿಸಿದಂತಾಗುವುದಿಲ್ಲ.

ಉಳಿದವು ಹೆರಿಗೆಯಾದ ಮೊದಲ ವಾರದಲ್ಲಿ ಕೂಸಿನ ಸ್ಥಿತಿ, ಎದೆಹಾಲಿಗೆ ಇಳಿಯುವ ಪ್ರಮಾಣ, ಮಗುವಿನ ಮುಂದಿನ ಬೆಳವಣಿಗೆ, ಕೊನೆಯದಾಗಿ ಆ ಔಷಧಿ ಬೇಡುವ ರಕ್ತಪರೀಕ್ಷೆ ಮತ್ತು ಓಡಾಟ. ಕೊನೆಯದನ್ನು ನಗರದ ವೈದ್ಯರು ಹಗುರವಾಗಿ ಕಾಣುವುದುಂಟು. ಮಳೆಗಾಲದಲ್ಲಿ ಕಳಸದಿಂದಲೋ ಶೃಂಗೇರಿಯ ಆಚೆಯ ಹಳ್ಳಿಯಿಂದಲೋ ಜಿಲ್ಲಾ ಕೇಂದ್ರಕ್ಕೆ ಬಂದು ಹೋಗುವುದೆಂದರೆ ಏನೆಂದು ಇಲ್ಲಿನವರಿಗೆ ಗೊತ್ತು.

ಪೂರ್ತಿ ಬಿಟ್ಟುಬಿಡುವುದು

ಅತ್ತೆ ಮನೆಯವರಿಗೂ ತವರಿನವರಿಗೂ ಮೊದಲು ತೋಚುವ ದಾರಿ ಇದು, ಏಕೆಂದರೆ ಇದರಲ್ಲಿ ಖರ್ಚಿಲ್ಲ, ಮೇಲ್ನೋಟಕ್ಕೆ ಅಪಾಯವೂ ಕಾಣುವುದಿಲ್ಲ. ಆದರೆ 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಗರ್ಭಿಣಿಯಾದಾಗ ಖಿನ್ನತೆಯ ಮಾತ್ರೆ ನಿಲ್ಲಿಸಿದವರ ಪೈಕಿ ಶೇ 68ರಷ್ಟು ಮಂದಿಗೆ ಕಾಯಿಲೆ ಮರುಕಳಿಸಿತು. ಮುಂದುವರಿಸಿದವರಲ್ಲಿ ಅದು ಶೇ 26 ಇತ್ತು. ಮರುವರ್ಷ ಬಂದ ಬೈಪೋಲಾರ್ ಕುರಿತ ಅಧ್ಯಯನದಲ್ಲಿ ನಿಲ್ಲಿಸಿದವರ ಪ್ರಮಾಣ ಶೇ 85ನ್ನು ಮೀರಿತ್ತು, ಮುಂದುವರಿಸಿದವರದು ಶೇ 37. ಇವರೆಲ್ಲ ದೊಡ್ಡ ಕೇಂದ್ರಗಳಲ್ಲಿ ಚಿಕಿತ್ಸೆ ಪಡೆಯುತ್ತಿದ್ದ, ಮತ್ತೆ ಮತ್ತೆ ಕಾಯಿಲೆ ಕಂಡವರು ಎಂಬುದನ್ನೂ ಹೇಳಬೇಕು. ಸೌಮ್ಯ ಖಿನ್ನತೆಯವರಲ್ಲಿ ಇಷ್ಟು ಅಂತರ ಎಲ್ಲ ಅಧ್ಯಯನಗಳಲ್ಲಿಯೂ ಕಂಡಿಲ್ಲ.

ಚಿಕಿತ್ಸೆಯಿಲ್ಲದ ಖಿನ್ನತೆಯೂ ಹೊಟ್ಟೆಯೊಳಗಿನ ಮಗುವನ್ನು ಮುಟ್ಟುತ್ತದೆ. ಊಟ ಸೇರುವುದಿಲ್ಲ, ನಿದ್ದೆ ಇಲ್ಲ, ತಪಾಸಣೆಗೆ ಹೋಗುವ ಮನಸ್ಸಿಲ್ಲ. ಅವಧಿಗೆ ಮೊದಲೇ ಹೆರಿಗೆ ಮತ್ತು ಕಡಿಮೆ ತೂಕದ ಕೂಸು ಇಂಥ ತಾಯಂದಿರಲ್ಲಿ ಹೆಚ್ಚು. ಆದ್ದರಿಂದ ಒಂದೇ ಬಾರಿ ಬಂದ, ಬಹಳ ಕಾಲದಿಂದ ಶಾಂತವಾಗಿರುವ ಕಾಯಿಲೆಯವರಿಗೆ ನಿಲ್ಲಿಸುವ ದಾರಿ ಉಂಟು, ಅದೂ ಗರ್ಭ ಧರಿಸುವ ಮೊದಲೇ, ವಾರಗಟ್ಟಲೆ ಇಳಿಸುತ್ತಾ. ಪಟ್ಟನೆ ಬಿಡುವುದು ಯಾರಿಗೂ ಹೊಂದುವುದಿಲ್ಲ.

ಮಾತ್ರೆಯಿಲ್ಲದ ಚಿಕಿತ್ಸೆ

ಸೌಮ್ಯ ಖಿನ್ನತೆ ಮತ್ತು ಆತಂಕಕ್ಕೆ ಆಪ್ತಸಮಾಲೋಚನೆ ಮತ್ತು ಯೋಚನೆಯ ಜಾಡನ್ನು ತಿದ್ದುವ ಮನೋಚಿಕಿತ್ಸೆ ಮೊದಲ ಆಯ್ಕೆಯಾಗಬೇಕು. ಇದರ ಕೊರತೆ ಇರುವುದು ದೊರೆಯುವಿಕೆಯಲ್ಲಿ: ವಾರಕ್ಕೊಮ್ಮೆ ಎಂಟು ಹತ್ತು ವಾರ ಕುಳಿತು ಮಾತನಾಡಿಸುವ ತರಬೇತಾದವರು ತಾಲ್ಲೂಕು ಮಟ್ಟದಲ್ಲಿ ಕಡಿಮೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿ ಮಾತನಾಡಬಹುದು, ಹಣ ಕೊಡಬೇಕಿಲ್ಲ, ಅಗತ್ಯವಿದ್ದರೆ ಅವರೇ ಮನೋವೈದ್ಯರಿಗೆ ಜೋಡಿಸುತ್ತಾರೆ. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆಯೂ ಇದೆ; ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯಿಂದ ಕೇಳಿಕೊಳ್ಳಿ. ಬೈಪೋಲಾರ್ ಅಥವಾ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳುವ, ಇಲ್ಲದ್ದನ್ನು ನಂಬುವ ಕಾಯಿಲೆ) ಇರುವವರಿಗೆ ಮಾತಿನ ಚಿಕಿತ್ಸೆ ಜೊತೆಗಿರಬೇಕಾದದ್ದೇ ಹೊರತು ಮಾತ್ರೆಯ ಬದಲಿಗೆ ಬರುವಂಥದ್ದಲ್ಲ. ಪೊಟ್ಟಣದಲ್ಲಿ ಹೆಸರಿಲ್ಲದ ಪುಡಿಗಳನ್ನು ‘ನಾಟಿ, ಹಾಗಾಗಿ ಅಪಾಯವಿಲ್ಲ’ ಎಂದು ಕೊಡುವವರಿದ್ದಾರೆ. ಒಳಗೇನಿದೆ ಎಂದು ತಿಳಿಯದ್ದನ್ನು ತೂಗಿ ನೋಡುವ ದಾರಿಯೇ ಇಲ್ಲವಾದ್ದರಿಂದ, ಬಸುರಿಯಾದವಳು ಅದನ್ನು ಮುಟ್ಟಬಾರದು.

ಖಿನ್ನತೆ, ಆತಂಕದ ಮಾತ್ರೆಗಳು

ಸರ್ಟ್ರಾಲಿನ್, ಎಸ್ಸಿಟಾಲೋಪ್ರಾಂ, ಫ್ಲುಯೊಕ್ಸೆಟಿನ್ ಗುಂಪಿನ ಮಾತ್ರೆಗಳನ್ನು ಜಗತ್ತಿನಾದ್ಯಂತ ಲಕ್ಷಾಂತರ ಗರ್ಭಿಣಿಯರು ತೆಗೆದುಕೊಂಡಿದ್ದು, ಅಂಗವೈಕಲ್ಯದ ಪ್ರಮಾಣ ಆ ಮೂಲ 3ರಿಂದ ಹೆಚ್ಚೇನೂ ಸರಿದಿಲ್ಲ. ಪ್ಯಾರೊಕ್ಸೆಟಿನ್‌ಗೆ ಮಾತ್ರ ಹೃದಯದ ದೋಷಗಳೊಂದಿಗೆ ಸಣ್ಣ ನಂಟು ಕಂಡಿರುವುದರಿಂದ ಹೊಸದಾಗಿ ಅದನ್ನು ಆರಂಭಿಸುವುದಿಲ್ಲ. ಹುಟ್ಟಿದ ಕೂಸಿನ ಶ್ವಾಸಕೋಶದ ರಕ್ತದೊತ್ತಡ ಏರುವ ಒಂದು ಗಂಭೀರ ತೊಂದರೆಯಿದೆ. ಅದು ಸಾಮಾನ್ಯವಾಗಿ ಸಾವಿರಕ್ಕೆ ಸುಮಾರು 2 ಮಕ್ಕಳಲ್ಲಿ, ಈ ಮಾತ್ರೆ ತೆಗೆದುಕೊಂಡವರ ಮಕ್ಕಳಲ್ಲಿ ಸಾವಿರಕ್ಕೆ ಸುಮಾರು 3ರಲ್ಲಿ ಕಾಣುತ್ತದೆ. ಮಗುವಿಗೆ ಆಟಿಸಂ (ಮಾತು, ಬೆರೆಯುವಿಕೆಯಲ್ಲಿ ಭಿನ್ನವಾಗಿ ಬೆಳೆಯುವ ಸ್ಥಿತಿ) ಬರುತ್ತದೆ ಎಂಬ ಭಯ ಬಹಳಷ್ಟು ಮಂದಿಯಲ್ಲಿದೆ. ತಾಯಿಯ ಕಾಯಿಲೆಯನ್ನೇ ಲೆಕ್ಕಕ್ಕೆ ತೆಗೆದುಕೊಂಡು, ಒಡಹುಟ್ಟಿದ ಮಕ್ಕಳನ್ನು ಪರಸ್ಪರ ಹೋಲಿಸಿದ ಅಧ್ಯಯನಗಳಲ್ಲಿ ಆ ನಂಟು ಬಹುಮಟ್ಟಿಗೆ ಕರಗಿಹೋಗಿದೆ.

ಹೆಚ್ಚು ಕಾಣುವ ತೊಂದರೆ ಬೇರೆ. ಕೊನೆಯ ತಿಂಗಳುಗಳಲ್ಲಿಯೂ ಮಾತ್ರೆ ನಡೆದಿದ್ದರೆ ಸುಮಾರು ಮೂವರಲ್ಲಿ ಒಂದು ಕೂಸು ಮೊದಲ ಕೆಲವು ದಿನ ಕೈಕಾಲು ನಡುಗಿಸುತ್ತದೆ, ರಂಪ ಮಾಡುತ್ತದೆ, ಸರಿಯಾಗಿ ಹಾಲು ಕುಡಿಯುವುದಿಲ್ಲ, ಕೆಲವೊಮ್ಮೆ ಉಸಿರಾಟ ವೇಗವಾಗುತ್ತದೆ. ಬಹುಪಾಲು ಕೆಲವೇ ದಿನಗಳಲ್ಲಿ, ತಪ್ಪಿದರೆ ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಇದು ಗೊತ್ತಿಲ್ಲದ ಮನೆಯಲ್ಲಿ ದೃಷ್ಟಿ ತೆಗೆಯುವುದರಿಂದ ಹಿಡಿದು ಸೊಸೆಯನ್ನು ದೂರುವವರೆಗೆ ಎಲ್ಲವೂ ನಡೆಯುತ್ತದೆ. ಗೊತ್ತಿರುವ ಮನೆಯಲ್ಲಿ ಕೂಸನ್ನು ಎದೆಗವಚಿಕೊಂಡು, ಸ್ವಲ್ಪ ಸ್ವಲ್ಪವೇ ಹಾಲೂಡಿಸುತ್ತಾರೆ, ಉಸಿರಾಟ ಹದ ತಪ್ಪಿದರೆ ಮಕ್ಕಳ ವೈದ್ಯರನ್ನು ಕರೆಯುತ್ತಾರೆ.

ಇವುಗಳ ನಡುವೆಯೇ ಆರಿಸಬೇಕಿದ್ದು, ಮೊದಲ ಬಾರಿಗೆ ಆರಂಭಿಸುತ್ತಿದ್ದರೆ ಸರ್ಟ್ರಾಲಿನ್ ಮುಂದೆ ನಿಲ್ಲುತ್ತದೆ, ಏಕೆಂದರೆ ಎದೆಹಾಲಿಗೆ ಅದು ಬಹಳ ಕಡಿಮೆ ಇಳಿಯುತ್ತದೆ. ಫ್ಲುಯೊಕ್ಸೆಟಿನ್ ದೇಹದಲ್ಲಿ ಬಹಳ ದಿನ ಉಳಿಯುವುದರಿಂದ ಕೂಸಿನಲ್ಲಿಯೂ ನಿಧಾನವಾಗಿ ಕರಗುತ್ತದೆ. ಹಾಗೆಂದು ವರ್ಷಗಳಿಂದ ಎಸ್ಸಿಟಾಲೋಪ್ರಾಂನಲ್ಲಿ ಚೆನ್ನಾಗಿರುವವರು ಬಸುರಿಯಾದ ಮೇಲೆ ಸರ್ಟ್ರಾಲಿನ್‌ಗೆ ಬದಲಾಗುವುದು ಬುದ್ಧಿವಂತಿಕೆ ಎಂದು ನನಗೆ ಅನ್ನಿಸುವುದಿಲ್ಲ. ಬದಲಿಸಿದರೆ ಮಗು ಎರಡು ಮಾತ್ರೆಗಳಿಗೂ ಒಡ್ಡಿಕೊಳ್ಳುತ್ತದೆ, ಹೊಸದು ಹಿಡಿಯದಿದ್ದರೆ ಕಾಯಿಲೆಗೂ ಒಡ್ಡಿಕೊಳ್ಳುತ್ತದೆ. ಕಾಯಿಲೆಯನ್ನು ಹಿಡಿತದಲ್ಲಿಟ್ಟ ಒಂದೇ ಮಾತ್ರೆ, ಸಾಕಾಗುವಷ್ಟು ಪ್ರಮಾಣದಲ್ಲಿ, ಸಾಮಾನ್ಯವಾಗಿ ಒಳ್ಳೆಯ ಆಯ್ಕೆ. ‘ಪಾಪ, ಅರ್ಧ ಮಾಡಿ ತಗೊಳ್ಳಲಿ’ ಎಂದು ಮನೆಯವರೇ ಕಡಿಮೆ ಮಾಡಿದಾಗ ಮಗುವಿಗೆ ಮಾತ್ರೆಯೂ ತಪ್ಪುವುದಿಲ್ಲ, ತಾಯಿಗೆ ಕಾಯಿಲೆಯೂ ತಪ್ಪುವುದಿಲ್ಲ.

ನಿದ್ದೆಗೆಂದು ಕೊಡುವ ಕ್ಲೋನಾಜೆಪಾಂ, ಆಲ್ಪ್ರಜೋಲಾಂ ಮಾತ್ರೆಗಳ ವಿಚಾರ ಬೇರೆ. ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ಒಯ್ಯುವವರನ್ನು ನಾನು ನೋಡುತ್ತೇನೆ. ಕೊನೆಯ ವಾರಗಳಲ್ಲಿ ದಿನಾ ತೆಗೆದುಕೊಂಡರೆ ಕೂಸು ಮೈ ಸಡಿಲವಾಗಿ, ಮಂಪರಿನಲ್ಲಿ, ಚೀಪಲು ಶಕ್ತಿಯಿಲ್ಲದೆ ಹುಟ್ಟಬಹುದು. ಎಂದಾದರೊಂದು ರಾತ್ರಿಗೆ, ಕಡಿಮೆ ಪ್ರಮಾಣದಲ್ಲಿ ಎಂಬುದಕ್ಕೆ ಅವಕಾಶವಿದೆ. ದಿನನಿತ್ಯದ ಅಭ್ಯಾಸವಿದ್ದರೆ ವೈದ್ಯರ ಸಲಹೆಯಂತೆ ಇಳಿಸುತ್ತಾ ಬನ್ನಿ, ಏಕೆಂದರೆ ಇದನ್ನೂ ಒಮ್ಮೆಲೇ ನಿಲ್ಲಿಸುವಂತಿಲ್ಲ.

ಬೈಪೋಲಾರ್ ಕಾಯಿಲೆಯ ಮಾತ್ರೆಗಳು

ಸಕಲೇಶಪುರದ ಆ ಹುಡುಗಿಯ ಕೈಯಲ್ಲಿದ್ದದ್ದು ಸೋಡಿಯಂ ವಾಲ್ಪ್ರೊಯೇಟ್. ಡೈವಾಲ್ಪ್ರೊಯೆಕ್ಸ್ ಎಂಬುದೂ ಅದರದೇ ರೂಪ. ಇಡೀ ಪಟ್ಟಿಯಲ್ಲಿ ಮಗುವಿಗೆ ಅತಿ ಹೆಚ್ಚು ಹಾನಿ ಮಾಡುವ ಔಷಧಿ ಇದು: ನೂರಕ್ಕೆ ಸುಮಾರು 10 ಮಕ್ಕಳಲ್ಲಿ ದೊಡ್ಡ ಅಂಗವೈಕಲ್ಯ, ನೂರಕ್ಕೆ 30ರಿಂದ 40 ಮಕ್ಕಳಲ್ಲಿ ಮಾತು, ಕಲಿಕೆ, ಬುದ್ಧಿಯ ಬೆಳವಣಿಗೆಯಲ್ಲಿ ತೊಂದರೆ. ಬೆನ್ನುಹುರಿಯಾಗಬೇಕಾದ ನಾಳ ಗರ್ಭ ಕಟ್ಟಿದ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ, ಅಂದರೆ ‘ಡೇಟ್ ಮುಂದೆ ಹೋಗಿದೆ’ ಎಂದು ಅನುಮಾನ ಹುಟ್ಟಿ ಎರಡು ವಾರ ಕಳೆಯುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ, ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಇದನ್ನು ಕೊಡಬಾರದೆಂದೇ ಹೇಳಿದೆ. ಮದುವೆಗೆ ಗೊತ್ತಾದ ಹುಡುಗಿಯ ಚೀಟಿಯಲ್ಲಿ ಈ ಹೆಸರಿದ್ದರೆ ಬದಲಿಸುವ ಮಾತನ್ನು ಆಗಲೇ ಎತ್ತಬೇಕು. ಈಗಾಗಲೇ ಗರ್ಭಿಣಿಯಾಗಿದ್ದರೆ ಅದೇ ದಿನ ಅಥವಾ ಮರುದಿನ ವೈದ್ಯರನ್ನು ಕಾಣಬೇಕು, ಮೂರ್ಛೆರೋಗಕ್ಕಾಗಿ ತೆಗೆದುಕೊಳ್ಳುತ್ತಿದ್ದರಂತೂ ತಾವಾಗಿ ನಿಲ್ಲಿಸಲೇಬಾರದು. ತಡವಾಯಿತಲ್ಲ, ಇನ್ನೇನು ಪ್ರಯೋಜನ ಎಂದುಕೊಳ್ಳಬೇಡಿ. ಮಗುವಿನ ಮಿದುಳು ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ. ಕಾರ್ಬಮಜೆಪಿನ್ ಇದಕ್ಕಿಂತ ಕಡಿಮೆ ಅಪಾಯದ್ದು, ಆದರೂ ಬೆನ್ನುಹುರಿಯ ದೋಷದ ಅಪಾಯ ಅದಕ್ಕೂ ಇರುವುದರಿಂದ ಇನ್ನೊಂದು ದಾರಿ ಇದ್ದಾಗ ಅದನ್ನು ಆರಿಸುವುದಿಲ್ಲ.

ಲ್ಯಾಮೊಟ್ರಿಜಿನ್ ಮಗುವಿನ ದೃಷ್ಟಿಯಿಂದ ಬಹಳ ಸಮಾಧಾನದ ಔಷಧಿ, ಅಂಗವೈಕಲ್ಯದ ಪ್ರಮಾಣ ಹೆಚ್ಚುಕಡಿಮೆ ಎಲ್ಲರಷ್ಟೇ. ಆದರೆ ಇದು ಬೈಪೋಲಾರ್‌ನ ಖಿನ್ನತೆಯ ಮಗ್ಗುಲನ್ನು ತಡೆಯುವಷ್ಟು ಉನ್ಮಾದದ ಮಗ್ಗುಲನ್ನು ತಡೆಯುವುದಿಲ್ಲ. ಮೈಮೇಲೆ ದದ್ದು ಏಳುವ ಅಪಾಯವಿರುವುದರಿಂದ ವಾರಗಟ್ಟಲೆ ನಿಧಾನವಾಗಿ ಏರಿಸಬೇಕು, ಹಾಗಾಗಿ ಅವಸರಕ್ಕೆ ಒದಗುವುದಿಲ್ಲ. ಬಸಿರಿನಲ್ಲಿ ರಕ್ತದಲ್ಲಿನ ಅದರ ಪ್ರಮಾಣ ಇಳಿದು ಮಾತ್ರೆ ಏರಿಸಬೇಕಾಗಬಹುದು, ಹೆರಿಗೆಯಾದ ಕೂಡಲೇ ಮತ್ತೆ ಇಳಿಸಬೇಕು.

ಲಿಥಿಯಂ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಉನ್ಮಾದವನ್ನೂ ಖಿನ್ನತೆಯನ್ನೂ ಹೆರಿಗೆಯ ನಂತರದ ಮರುಕಳಿಕೆಯನ್ನೂ ತಡೆಯುವುದರಲ್ಲಿ ಇದಕ್ಕೆ ಸಾಟಿಯಾದವು ಕಡಿಮೆ. 2017ರ ಒಂದು ದೊಡ್ಡ ಅಧ್ಯಯನದ ಪ್ರಕಾರ ಹೃದಯದ ದೋಷ ಉಳಿದವರ ಮಕ್ಕಳಲ್ಲಿ ನೂರಕ್ಕೆ 1.15 ಇದ್ದರೆ ಲಿಥಿಯಂ ತೆಗೆದುಕೊಂಡವರ ಮಕ್ಕಳಲ್ಲಿ 2.41 ಇತ್ತು, ದಿನಕ್ಕೆ 600 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಅಪಾಯ ಬಹಳ ಕಡಿಮೆ, 900 ದಾಟಿದಾಗ ಮೂರು ಪಟ್ಟು. ಮಾತ್ರೆ ಅಗ್ಗ, ಆದರೆ ಅದು ಬೇಡುವ ರಕ್ತಪರೀಕ್ಷೆ ಅಗ್ಗವಲ್ಲ, ಎಲ್ಲ ಲ್ಯಾಬ್‌ಗಳಲ್ಲಿ ಆಗುವುದೂ ಇಲ್ಲ. ಬಸಿರಿನುದ್ದಕ್ಕೂ ಪ್ರಮಾಣವನ್ನು ನೋಡುತ್ತಿರಬೇಕು, ಕೊನೆಯ ತಿಂಗಳಲ್ಲಿ ವಾರಕ್ಕೊಮ್ಮೆ.

ನಮ್ಮ ಕಡೆಯ ಬಾಣಂತನಕ್ಕೂ ಲಿಥಿಯಂಗೂ ಹೊಂದುವುದಿಲ್ಲ ಎಂಬುದನ್ನು ಯಾವ ಪುಸ್ತಕವೂ ನಮ್ಮ ಅಜ್ಜಿಯರಿಗೆ ಹೇಳುವುದಿಲ್ಲ. ಬಾಣಂತಿಗೆ ನೀರು ಹೆಚ್ಚು ಕೊಡಬಾರದು, ಉಪ್ಪು ಕಡಿಮೆ ಹಾಕಬೇಕು, ಬಿಸಿನೀರು ಹುಯ್ದು ಹೊದಿಸಿ ಬೆವರಿಳಿಸಬೇಕು ಎಂಬ ಪಥ್ಯ ಅನೇಕ ಮನೆಗಳಲ್ಲಿ ಇಂದಿಗೂ ನಡೆದಿದೆ. ನೀರೂ ಉಪ್ಪೂ ಕಡಿಮೆಯಾಗಿ ಬೆವರು ಹೋದರೆ ಲಿಥಿಯಂ ರಕ್ತದಲ್ಲೇ ಉಳಿದು ವಿಷದ ಮಟ್ಟಕ್ಕೆ ಏರುತ್ತದೆ: ಕೈ ಜೋರಾಗಿ ನಡುಗುತ್ತದೆ, ಭೇದಿ, ವಾಂತಿ, ತೊದಲುವ ಮಾತು, ತೂರಾಡುವ ನಡಿಗೆ. ಸಿಸೇರಿಯನ್ ನೋವಿಗೆ ಕೊಡುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳೂ ಅದನ್ನೇ ಮಾಡುತ್ತವೆ. ಲಿಥಿಯಂ ಆರಿಸುವವರು ತವರಿನಲ್ಲಿ ಬಾಣಂತನ ಮಾಡುವ ಹಿರಿಯರನ್ನು ಒಮ್ಮೆ ವೈದ್ಯರ ಬಳಿ ಕರೆದುಕೊಂಡು ಹೋಗಲೇಬೇಕು. ಹಿರಿಯರು ಒಪ್ಪದ ಮನೆಯಾದರೆ ಬೇರೆ ಔಷಧಿಯನ್ನು ಯೋಚಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಎದೆಹಾಲಿಗೆ ಲಿಥಿಯಂ ಗಣನೀಯವಾಗಿ ಇಳಿಯುವುದರಿಂದ ಸಾಮಾನ್ಯವಾಗಿ ಹಾಲೂಡಿಸಬೇಡಿ ಎನ್ನುತ್ತಾರೆ. ಎದೆಹಾಲು ಕೊಡಲೇಬೇಕೆಂಬ ಆಸೆಯಿರುವವರಿಗೆ ಇದು ದೊಡ್ಡ ತ್ಯಾಗ.

ಓಲಾಂಜಪಿನ್, ಕ್ವೆಟಿಯಾಪಿನ್, ಹ್ಯಾಲೊಪೆರಿಡಾಲ್ ಗುಂಪಿನವು ಸ್ಕಿಜೋಫ್ರೇನಿಯಾಗೂ ಬೈಪೋಲಾರ್‌ಗೂ ನಡೆಯುತ್ತವೆ. ವಾಲ್ಪ್ರೊಯೇಟ್ ಬಿಡಿಸಿದಾಗ ಬಹಳಷ್ಟು ಬಾರಿ ಇವುಗಳ ಕಡೆಗೇ ಬರುತ್ತಾರೆ, ಏಕೆಂದರೆ ಅಂಗವೈಕಲ್ಯದ ಅಪಾಯ ಹೇಳಿಕೊಳ್ಳುವಂತೆ ಏರುವುದಿಲ್ಲ, ಕೆಲಸವೂ ಬೇಗ ಆರಂಭವಾಗುತ್ತದೆ. ಇವುಗಳ ಬೆಲೆ ತಾಯಿಯ ಮೈಗೆ ಬೀಳುತ್ತದೆ: ಓಲಾಂಜಪಿನ್, ಕ್ವೆಟಿಯಾಪಿನ್‌ಗಳಲ್ಲಿ ತೂಕ ಏರುತ್ತದೆ, ಬಸಿರಿನ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚು. ಮೊದಲೇ ಮೈ ಭಾರವಿರುವವರು, ಮನೆತನದಲ್ಲಿ ಸಕ್ಕರೆ ಕಾಯಿಲೆ ಇರುವವರು ಇದನ್ನು ಕೇಳಿ ತಿಳಿದುಕೊಳ್ಳಲಿ. ಇದೇ ಗುಂಪಿನ ಕ್ಲೋಜಪಿನ್ ತೆಗೆದುಕೊಳ್ಳುವವರು ಮಾತ್ರ ಎದೆಹಾಲು ಕೊಡುವಂತಿಲ್ಲ. ತಾಯಿ ಊಟ ನೀರು ಬಿಟ್ಟು ಜೀವಕ್ಕೇ ಅಪಾಯವಾದಾಗ ಅರಿವಳಿಕೆ ಕೊಟ್ಟು ಮಾಡುವ ವಿದ್ಯುತ್ ಚಿಕಿತ್ಸೆ ಬಸುರಿಯರಿಗೂ ಆಗುತ್ತದೆ.

ಎಲ್ಲಿ ಹೆರಿಗೆ, ಎಷ್ಟು ಖರ್ಚು

ಮಾತ್ರೆಯಷ್ಟೇ ಮುಖ್ಯವಾದ ಆಯ್ಕೆ ಇದು. ಕೊನೆಯವರೆಗೂ ಔಷಧಿ ನಡೆದಿದ್ದರೆ ಕೂಸನ್ನು ಮೊದಲ ಎರಡು ಮೂರು ದಿನ ಆಸ್ಪತ್ರೆಯಲ್ಲಿಯೇ ಗಮನಿಸಬೇಕು, ಹಾಗಾಗಿ ಸಂಜೆಗೆ ಮನೆಗೆ ಕಳುಹಿಸುವ ಸಣ್ಣ ನರ್ಸಿಂಗ್ ಹೋಂಗಿಂತ ನವಜಾತ ಶಿಶುಗಳ ಆರೈಕೆ ಘಟಕವಿರುವ ಜಿಲ್ಲಾ ಮಟ್ಟದ ಆಸ್ಪತ್ರೆ ಮೇಲು. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿಯೂ ಚಿಕ್ಕಮಗಳೂರಿನ ವೈದ್ಯಕೀಯ ಕಾಲೇಜಿನಲ್ಲಿಯೂ ಹೆರಿಗೆ, ಮಕ್ಕಳ ಮತ್ತು ಮನೋವೈದ್ಯ ವಿಭಾಗಗಳು ಒಂದೇ ಸಂಸ್ಥೆಯಲ್ಲಿ ಸಿಗುತ್ತವೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧಿ, ಪರೀಕ್ಷೆ ಉಚಿತ. ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ ಊಟವೂ ಸೇರಿದೆ. ತಿಂಗಳ 9ನೇ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ನಡೆಯುತ್ತದೆ. 18ರಿಂದ 20ನೇ ವಾರದ ಸ್ಕ್ಯಾನ್ ತಪ್ಪಿಸಬೇಡಿ, ಲಿಥಿಯಂ ತೆಗೆದುಕೊಂಡಿದ್ದರೆ ಮಗುವಿನ ಹೃದಯದ ಸ್ಕ್ಯಾನನ್ನೂ ಕೇಳಿ ಮಾಡಿಸಿ.

ಹಿಂದಿನ ಹೆರಿಗೆಯಲ್ಲಿ ಬಾಣಂತಿ ಸನ್ನಿ (ಹೆರಿಗೆಯಾದ ಮೇಲೆ ಮನಸ್ಸಿನ ಹಿಡಿತ ತಪ್ಪುವ ಗಂಭೀರ ಕಾಯಿಲೆ) ಬಂದಿದ್ದವರಿಗೆ ಈ ಲೆಕ್ಕ ಬದಲಾಗುತ್ತದೆ. ಸಾಮಾನ್ಯವಾಗಿ ಸಾವಿರ ಹೆರಿಗೆಗೆ ಒಂದೆರಡು ಕಾಣುವ ಈ ಕಾಯಿಲೆ ಬೈಪೋಲಾರ್ ಇರುವವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ, ಹಿಂದೊಮ್ಮೆ ಬಂದಿದ್ದರೆ ಇನ್ನೂ ಹೆಚ್ಚು ಮಂದಿಗೆ ಬರುತ್ತದೆ. ಬಹುಪಾಲು ಮೊದಲ ಎರಡು ವಾರದೊಳಗೆ. ಅಂಥವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇರುವ ತಾಯಿ-ಮಗು ಘಟಕವನ್ನು ಹೆರಿಗೆಗೆ ಮೊದಲೇ ಒಮ್ಮೆ ಸಂಪರ್ಕಿಸಿ, ಹೆಸರು ದಾಖಲಿಸಿಟ್ಟಿರಲಿ. ಅಲ್ಲಿ ತಾಯಿ ಮಗುವನ್ನು ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಮೂರು ವರ್ಷದೊಳಗಿನ ಮಗುವನ್ನು ದಾಖಲಾದ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದು ಎಂದೇ ಹೇಳುತ್ತದೆ. ಮನೆಯಲ್ಲಿ ಈ ಸನ್ನಿಯನ್ನು ದೂರವಿಡಲು ನಿದ್ದೆಯೂ ನೆರವಾಗುತ್ತದೆ: ರಾತ್ರಿಯ ಒಂದು ಸರದಿಯನ್ನಾದರೂ ಅಜ್ಜಿಯೋ ಗಂಡನೋ ವಹಿಸಿಕೊಂಡು, ಹಿಂಡಿಟ್ಟ ಹಾಲನ್ನೋ ವೈದ್ಯರು ಹೇಳಿದ ಹಾಲನ್ನೋ ಕುಡಿಸಿ, ತಾಯಿಗೆ ಐದಾರು ಗಂಟೆ ಒಂದೇ ಸಮನೆ ಮಲಗಲು ಬಿಡಬೇಕು.

ಅಂದು ಆ ಹುಡುಗಿಗೆ ನಾನು ಮಾತ್ರೆ ಕೊಡಲೂ ಇಲ್ಲ, ಬಿಡು ಎನ್ನಲೂ ಇಲ್ಲ. ಮನೋವೈದ್ಯ ವಿಭಾಗಕ್ಕೆ ಆಟೋ ಹತ್ತಿಸಿ ಕಳುಹಿಸಿದೆ. ಅವಳ ತಾಯಿ ಕಾರ್ಡಿನ ಹಿಂಬದಿಯಲ್ಲಿ ಈಗ ದೊಡ್ಡ ಅಕ್ಷರದಲ್ಲಿ ಹೊಸ ಔಷಧಿಯ ಮೂಲ ಹೆಸರು, ಪ್ರಮಾಣ, ಹೊತ್ತು ಮತ್ತು ಮನೋವೈದ್ಯರ ಫೋನ್ ನಂಬರ್ ಬರೆದಿದೆ. ಕಂಪನಿಯ ಹೆಸರನ್ನಲ್ಲ, ಮೂಲ ಹೆಸರನ್ನೇ ಬರೆಸಿಕೊಳ್ಳಿ, ಏಕೆಂದರೆ ಏಳನೆಯ ತಿಂಗಳಲ್ಲಿ ತವರಿಗೆ ಹೋದಾಗ ಅಲ್ಲಿನ ಅಂಗಡಿಯಲ್ಲಿ ಅದೇ ಔಷಧಿ ಬೇರೆ ಹೆಸರಿನಲ್ಲಿ ಇರುತ್ತದೆ. ಸ್ಟ್ರಿಪ್ ಕತ್ತರಿಸಿ ಕೊಡಲು ಬಂದರೆ, ಹೆಸರಿರುವ ಭಾಗವನ್ನು ನಿಮಗೇ ಕೊಡಬೇಕೆಂದು ಕೇಳಿ.